ಕೂತು ಕೆಡುವ ಯಂತ್ರ

ನಮ್ಮ ಮನೆಯ ಆಯುಧಪೂಜೆಗೆ ಕಾರು, ಮಿಕ್ಸರ್, ಮಗಳ ಲ್ಯಾಪ್‌ಟಾಪು, ಸ್ಪ್ಯಾನರ್ ಪೆಟ್ಟಿಗೆ ಎಲ್ಲ ಸಾಲಾಗಿ ಬಂದು ಕೂರುತ್ತವೆ. ಅಗ್ರಪೂಜೆ ಮಾತ್ರ ಗ್ಯಾರೇಜಿನ ಮೂಲೆಯಲ್ಲಿರುವ ಸ್ನೋಬ್ಲೋವರಿಗೆ. ಅರಿಶಿನ, ಕುಂಕುಮ, ಒಂದು ಚೆಂಡುಹೂವು, ಟಯರಿನಡಿ ನಿಂಬೆಹಣ್ಣು. ಬೂದುಗುಂಬಳ ಸಿಗದ ವರ್ಷ ಹ್ಯಾಲೋವೀನಿಗೆಂದು ತಂದ ಸಿಹಿಗುಂಬಳವನ್ನೇ ಒಡೆದದ್ದೂ ಉಂಟು. ಪೂಜೆಗೆ ಮುನ್ನ ಅದಕ್ಕೊಂದು ಅಭ್ಯಂಜನವೂ ಆಗಬೇಕು. ಹಳೇ ಆಯಿಲ್ ಬಸಿದು ಹೊಸದು ತುಂಬುವುದು, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುವುದು, ಬೆಲ್ಟಿನಲ್ಲಿ ಬಿರುಕು ಬಿಟ್ಟಿದೆಯೇ ಎಂದು ಬೆರಳಾಡಿಸುವುದು, ಗ್ರೀಸ್ ಹಚ್ಚುವುದು. ದಸರಾ ಬರುವುದು ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ. ಇಲ್ಲಿ ದೊಡ್ಡ ಹಿಮ ಶುರುವಾಗುವುದು ನವೆಂಬರಿನಲ್ಲಿ. ಪಂಚಾಂಗ ಬರೆದವರು ಈ ಊರನ್ನು ಕನಸಿನಲ್ಲೂ ಕಂಡಿರಲಾರರು, ಆದರೂ ಮುಹೂರ್ತ ಸರಿಯಾಗಿ ಕೂತಿದೆ.

ನಾವಿರುವುದು ನ್ಯೂಯಾರ್ಕ್ ರಾಜ್ಯದ ಬಫಲೊ ನಗರದ ದಕ್ಷಿಣಕ್ಕೆ, ಆರ್ಚರ್ಡ್ ಪಾರ್ಕಿನಲ್ಲಿ. ಪಶ್ಚಿಮಕ್ಕೆ ಈರಿ ಸರೋವರ. ಸುಮಾರು 390 ಕಿ.ಮೀ. ಉದ್ದದ ಆ ನೀರಿನ ಮೇಲೆ ನೈಋತ್ಯದಿಂದ ಕೊರೆಯುವ ಗಾಳಿ ಬೀಸಿತೆಂದರೆ, ಬೇಸಿಗೆಯ ಬಿಸುಪು ಇನ್ನೂ ಆರದ ಸರೋವರದ ಆವಿಯನ್ನು ಹೀರಿಕೊಂಡು ಬಂದು ದಡ ಮುಟ್ಟಿದ ಕೂಡಲೇ ಹಿಮವಾಗಿ ಸುರಿದುಬಿಡುತ್ತದೆ. ಆಗುಂಬೆಯಲ್ಲಿ ಜಡಿಮಳೆ ಹೊಡೆಯುವಾಗ ಶಿವಮೊಗ್ಗದಲ್ಲಿ ಬಟ್ಟೆ ಒಣಗುತ್ತಿರುತ್ತದಲ್ಲ, ಹಾಗೇ ಇಲ್ಲೂ. 2014ರ ನವೆಂಬರಿನಲ್ಲಿ ಬಫಲೊದ ದಕ್ಷಿಣದ ಊರುಗಳಲ್ಲಿ ಐದು ಅಡಿಗೂ ಮೀರಿ ಬಿದ್ದಾಗ ಉತ್ತರದ ಬಡಾವಣೆಗಳಲ್ಲಿ ಕೆಲವೇ ಇಂಚು. ಬಫಲೊದ ವಾರ್ಷಿಕ ಸರಾಸರಿ ಸುಮಾರು 95 ಇಂಚು. ಬಿದ್ದ ಹಿಮವೆಲ್ಲ ಕರಗದೆ ನಿಂತರೆ ಮನೆಯ ಕೆಳಗಿನ ಕಿಟಕಿಗಳು ಮುಚ್ಚಿಹೋಗುವಷ್ಟು.

ಇಲ್ಲಿನ ಕನ್ನಡಿಗರ ಬಾಯಲ್ಲಿ ಹಿಮ ಎಂಬ ಮಾತು ಬರುವುದಿಲ್ಲ. ‘ಮಂಜು’ ಅಂದರಂತೂ ನಮಗೆ ಮಡಿಕೇರಿಯ ಬೆಳಗು ನೆನಪಾಗುತ್ತದೆಯೇ ಹೊರತು ಇದಲ್ಲ. ‘ಸ್ನೋ ಬಿತ್ತಾ?’, ‘ತಡಿ, ಸ್ನೋ ಹೊಡೆದು ಬರ್ತೀನಿ’. ಟಿಲ್ಲರ್ ಹೊಡೆಯುವುದು, ಕುಂಟೆ ಹೊಡೆಯುವುದು ಇದ್ದಂತೆ ಇದೂ ಒಂದು ಹೊಡೆಯುವ ಕೆಲಸ. ನೋಡುವುದಕ್ಕೂ ಯಂತ್ರ ಪವರ್ ಟಿಲ್ಲರಿನ ದಾಯಾದಿಯಂತೆಯೇ ಇದೆ: ಎರಡು ಹಿಡಿ, ಎರಡು ಚಕ್ರ, ಮುಂದೊಂದು ಬಾಯಿ, ಹಿಂದೆ ನಡೆಯುವವ ನಾನು. ಕೈಪಿಡಿಯಲ್ಲಿ ಅದರ ಹೆಸರು ಸ್ನೋ ಥ್ರೋವರ್. ಜನ ಬ್ಲೋವರ್ ಅಂದರೂ ಅದು ಊದುವುದಿಲ್ಲ, ಎಸೆಯುತ್ತದೆ. ಹೆಸರಿನ ಮಟ್ಟಿಗೆ ಕೈಪಿಡಿಯೇ ಸರಿ. ‘ಗ್ಯಾಸ್’ ಸ್ನೋಬ್ಲೋವರ್ ಎಂದು ನಾನು ಫೋನಿನಲ್ಲಿ ಹೇಳಿದಾಗ ಊರಲ್ಲಿ ಅಮ್ಮ ಸಿಲಿಂಡರ್ ಎಲ್ಲಿ ಕಟ್ಟುತ್ತೀ ಎಂದು ಕೇಳಿದ್ದಳು. ಇಲ್ಲಿ ಗ್ಯಾಸ್ ಅಂದರೆ ಪೆಟ್ರೋಲ್.

ಸಲಿಕೆ ಸಾಲದೇ ಎಂದು ಕೇಳುವವರಿಗೆ ಒಂದು ಲೆಕ್ಕ. ಎರಡು ಕಾರು ನಿಲ್ಲುವ, 20 ಅಡಿ ಅಗಲ 50 ಅಡಿ ಉದ್ದದ ಡ್ರೈವ್‌ವೇ ಎಂದುಕೊಳ್ಳಿ. ಅದರ ಮೇಲೆ 8 ಇಂಚು ಹಿಮ ಬಿದ್ದರೆ ಸುಮಾರು 19 ಘನ ಮೀಟರ್. ಹೊಸದಾಗಿ ಬಿದ್ದ ಒಣ ಹಿಮ ಘನ ಮೀಟರಿಗೆ 100 ಕಿಲೊ ತೂಗಿದರೂ ಎರಡು ಟನ್ನಿಗೆ ಹತ್ತಿರವಾಯಿತು. ಮಾರ್ಚಿನ ಒದ್ದೆ ಹಿಮವಾದರೆ ಅದರ ಮೂರು ಪಟ್ಟು. ಅಷ್ಟನ್ನು ಆಫೀಸಿಗೆ ಹೊರಡುವ ಮುನ್ನ, ಚಳಿಗೆ ರಕ್ತನಾಳ ಬಿಗಿದಿರುವ ಹೊತ್ತಿನಲ್ಲಿ ಎತ್ತಿ ಎತ್ತಿ ಹಾಕುವುದು ಹೃದಯಕ್ಕೆ ಒಳ್ಳೆಯದಲ್ಲ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಪ್ರತಿ ಚಳಿಗಾಲವೂ ಎಚ್ಚರಿಸುತ್ತದೆ. ಬಿಪಿ, ಸಕ್ಕರೆ ಎರಡನ್ನೂ ಸಾಕಿಕೊಂಡಿರುವ ನಮ್ಮ ವಯಸ್ಸಿನವರು ಕೇಳಿಸಿಕೊಳ್ಳಬೇಕಾದ ಮಾತು.

ಈ ಯಂತ್ರದ ಹಿಂದೆ ಒಬ್ಬ ಹಳ್ಳಿ ಹುಡುಗನ ತಲೆ ಇದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಆರ್ಥರ್ ಸಿಕಾರ್ ಗೋಧಿ ಒಕ್ಕಣೆಯ ಯಂತ್ರವನ್ನು ನೋಡಿ, ತೆನೆಯನ್ನು ಎಳೆದುಕೊಂಡು ಹುಲ್ಲನ್ನು ಆಚೆ ಉಗುಳುವ ಈ ಬಾಯಿ ಹಿಮವನ್ನೂ ಹಾಗೇ ಮಾಡಬಾರದೇಕೆ ಎಂದು ಯೋಚಿಸಿದವನು. 1925ರಲ್ಲಿ ಲಾರಿಯ ಮೇಲೆ ಕೂರಿಸಿದ ಅವನ ಯಂತ್ರ ತಯಾರಾಯಿತು. 1927ರಲ್ಲಿ ಮಾಂಟ್ರಿಯಲ್ ಪಕ್ಕದ ಊಟ್ರಮಾಂಟ್ ಪಟ್ಟಣ ಅದನ್ನು ಕೊಂಡಿತು. ಮನೆಯವರು ಹಿಂದೆ ನಡೆದು ಓಡಿಸುವ ಪುಟ್ಟ ಯಂತ್ರಗಳು ಬಳಕೆಗೆ ಬಂದದ್ದು 1950ರ ನಂತರ. ರಾಗಿ ಕಣದಲ್ಲಿ ಒಕ್ಕಣೆ ಯಂತ್ರದ ಎದುರು ನಿಂತು ಮೈಯೆಲ್ಲ ಹೊಟ್ಟು ಮಾಡಿಕೊಂಡವರಿಗೆ ಸ್ನೋಬ್ಲೋವರಿನ ಹೊಟ್ಟೆಯೊಳಗೇನಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಹೇಳುತ್ತೇನೆ, ಮುಂದಿನ ಮಾತಿಗೆ ಬೇಕು. ಸಣ್ಣದರಲ್ಲಿ ಒಂದೇ ಹಂತ: ರಬ್ಬರ್ ಅಂಚಿನ ರೆಕ್ಕೆ ನೆಲ ಸವರುತ್ತ ತಾನೇ ಎಳೆದು ತಾನೇ ಎಸೆಯುತ್ತದೆ. ನಮ್ಮದು ಎರಡು ಹಂತದ್ದು. ಮುಂದೆ ಬಾಯಗಲಕ್ಕೂ ತಿರುಚಿದ ಉಕ್ಕಿನ ಪಟ್ಟಿ, ಆಗರ್, ನಿಧಾನಕ್ಕೆ ತಿರುಗುತ್ತ ಹಿಮವನ್ನು ಕತ್ತರಿಸಿ ನಡುವಿಗೆ ತಳ್ಳುತ್ತದೆ. ಅದರ ಹಿಂದೆ ಫ್ಯಾನಿನಂಥ ಇಂಪೆಲ್ಲರ್ ರಭಸದಿಂದ ತಿರುಗಿ, ಬಂದದ್ದನ್ನು ಚ್ಯೂಟ್ ಎಂಬ ಸೊಂಡಿಲಿನ ಮೂಲಕ ಮೂವತ್ತು ನಲವತ್ತು ಅಡಿ ದೂರಕ್ಕೆ ತೂರುತ್ತದೆ. ಎಂಜಿನ್ ಇನ್ನೂರೈವತ್ತು ಸಿಸಿ ಆಸುಪಾಸು, ಅಂದರೆ ಎರಡು ಸ್ಕೂಟರಿನಷ್ಟು. ಈ ಎಂಜಿನ್‌ಗಳಲ್ಲಿ ಬಹುಪಾಲಿಗೆ ಏರ್ ಫಿಲ್ಟರೇ ಇರುವುದಿಲ್ಲ. ಹಿಮದ ಮೇಲೆ ಧೂಳಿಲ್ಲ, ಫಿಲ್ಟರ್ ಇಟ್ಟರೆ ಹಿಮದ ಪುಡಿ ಮೆತ್ತಿಕೊಂಡು ಅದೇ ಉಸಿರು ಕಟ್ಟಿಸುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಧೂಳೇಳುವ ಕಡೆ ಇದನ್ನು ಓಡಿಸಬಾರದು.

ಇನ್ನು ನನ್ನ ಪೆದ್ದುತನದ ಕತೆ. ಅಪ್ಪನ ತೋಟದಲ್ಲಿ ಒಂದು ಡೀಸೆಲ್ ಪಂಪ್‌ಸೆಟ್ ಇತ್ತು. ಮಳೆಗಾಲ ಪೂರ್ತಿ ತಗಡಿನ ಗೂಡಿನಲ್ಲಿ ಕೂತಿದ್ದು, ದೀಪಾವಳಿ ಕಳೆದ ಮೇಲೆ ಹ್ಯಾಂಡಲ್ ಹಾಕಿ ನಾಲ್ಕು ಸುತ್ತು ತಿರುಗಿಸಿದರೆ ಡುಗುಡುಗು ಎನ್ನುತ್ತಿತ್ತು. ಎಂಜಿನ್ ಅಂದರೆ ಹಾಗೇ ಇರುತ್ತದೆಂದು ನಂಬಿದ್ದ ನಾನು, ಇಲ್ಲಿನ ಮೊದಲ ಚಳಿಗಾಲ ಮುಗಿದಾಗ ಅರ್ಧ ಟ್ಯಾಂಕ್ ಪೆಟ್ರೋಲ್ ಸಮೇತ ಸ್ನೋಬ್ಲೋವರನ್ನು ಗ್ಯಾರೇಜಿನ ಮೂಲೆಗೆ ತಳ್ಳಿ ಮೇಲೊಂದು ಹಳೇ ಬೆಡ್‌ಶೀಟ್ ಹೊದಿಸಿದೆ. ನವೆಂಬರಿನಲ್ಲಿ ಒಂದಡಿ ಹಿಮ ಬಿದ್ದ ಬೆಳಿಗ್ಗೆ ಹಗ್ಗ ಎಳೆದೆ, ಎಳೆದೆ, ಭುಜ ಬಿದ್ದುಹೋಗುವ ತನಕ ಎಳೆದೆ. ಒಂದು ಕೆಮ್ಮು ಕೂಡ ಬರಲಿಲ್ಲ. ರಿಪೇರಿ ಅಂಗಡಿಗೆ ಫೋನ್ ಮಾಡಿದರೆ ಮೂರು ವಾರದ ಸರದಿ. ಅವತ್ತು ಬೆಳಿಗ್ಗೆ ಅವರಿಗೆ ಫೋನ್ ಮಾಡಿದವರೆಲ್ಲ ನನ್ನ ಹಾಗೆಯೇ ಬೆಡ್‌ಶೀಟ್ ಹೊದಿಸಿದವರಿರಬೇಕು.

ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ 10ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಕೂಡಿಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಟ್ಯಾಂಕಿನ ತಳದಿಂದಲೇ ತಾನೇ ಕಾರ್ಬೊರೇಟರಿಗೆ ಹೋಗುವುದು. ಇತ್ತ ಪೆಟ್ರೋಲಿನ ಹಗುರ ಅಂಶ ಆವಿಯಾಗಿ ಹಾರಿ, ಉಳಿದದ್ದು ಅಂಟಾಗುತ್ತದೆ. ಇದಕ್ಕೆಲ್ಲ ವರ್ಷ ಬೇಡ, ಒಂದೆರಡು ತಿಂಗಳು ಸಾಕು. ಅವತ್ತು ರಾತ್ರಿ ಕಾರ್ಬೊರೇಟರಿನ ಕೆಳಗಿನ ಬಟ್ಟಲು ಬಿಚ್ಚಿದಾಗ ಎರಡು ಚಮಚದಷ್ಟು ಹಸಿರುಗಂದು ದ್ರವ, ತಳದಲ್ಲಿ ಹಲಸಿನ ಮೇಣದಂಥ ಪದರ, ಹಳೇ ವಾರ್ನಿಷ್ ಡಬ್ಬದ ವಾಸನೆ. ನಡುವಿನ ಜೆಟ್ ಎಂಬ ಹಿತ್ತಾಳೆ ತುಣುಕಿನ ತೂತನ್ನು ದೀಪಕ್ಕೆ ಹಿಡಿದು ನೋಡಿದರೆ ಬೆಳಕು ತೂರುತ್ತಿರಲಿಲ್ಲ. ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ ತೂರಿಸಿ, ಕ್ಲೀನರ್ ಸಿಂಪಡಿಸಿ, ಮತ್ತೆ ದೀಪಕ್ಕೆ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ಕಂಡಿತು. ಬೆಳಿಗ್ಗೆ ಮೂರನೇ ಎಳೆತಕ್ಕೆ ಎಂಜಿನ್ ಹೊತ್ತಿಕೊಂಡಿತು. ದುಡಿದು ಸವೆದ ಸ್ನೋಬ್ಲೋವರ್ ನಾನು ಹೆಚ್ಚು ನೋಡಿಲ್ಲ, ಕೂತು ಕೆಟ್ಟವನ್ನು ಬೀದಿಗೆರಡು ನೋಡಿದ್ದೇನೆ. ಊರಿನ ಬಂಕುಗಳಲ್ಲೂ ಈಗ ಶೇ 20ರ ಎಥನಾಲ್ ಪೆಟ್ರೋಲ್ ಬಂದಿದೆ. ಅಡಕೆ ತೋಟದ ಕಳೆ ಕತ್ತರಿಸುವ ಯಂತ್ರವನ್ನು ಟ್ಯಾಂಕ್ ತುಂಬಿದಂತೆಯೇ ಗೋಡೆಗೆ ನೇತುಹಾಕುವ ತಮ್ಮನಿಗೆ ಇದನ್ನೇ ಹೇಳಿದೆ. ಅವನು ‘ಹ್ಞೂಂ’ ಅಂದ, ಬಿಚ್ಚಿ ಬಸಿಯುವವನ ಹಾಗೆ ಕಾಣಲಿಲ್ಲ.

ಶುರು ಮಾಡುವುದಕ್ಕೆ ಒಂದು ಕ್ರಮವಿದೆ. ಮೊದಲು ಯಂತ್ರವನ್ನು ಗ್ಯಾರೇಜಿನಿಂದ ಹೊರಗೆ ತರಬೇಕು. ಚಳಿ ಎಂದು ಒಳಗೇ ಎಂಜಿನ್ ಬಿಸಿ ಮಾಡುವವರಿದ್ದಾರೆ. ಬಾಗಿಲು ತೆರೆದಿಟ್ಟರೂ ಬಣ್ಣವಿಲ್ಲದ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ನುಸುಳುತ್ತದೆ. ಪೆಟ್ರೋಲ್ ತುಂಬುವುದೂ ಹೊರಗೇ, ಎಂಜಿನ್ ತಣ್ಣಗಿರುವಾಗಲೇ. ಇಂಧನದ ನಲ್ಲಿ ತಿರುಗಿಸಿ, ಕೀಲಿ ಸಿಕ್ಕಿಸಿ, ಥ್ರಾಟಲ್ಲನ್ನು ಮೊಲಕ್ಕೆ ತಂದು ನಿಲ್ಲಿಸಬೇಕು. ಹೌದು, ಮೊಲ: ಥ್ರಾಟಲ್ ಪಕ್ಕದಲ್ಲಿ ಒಂದು ತುದಿಗೆ ಆಮೆ, ಇನ್ನೊಂದು ತುದಿಗೆ ಮೊಲದ ಚಿತ್ರ ಕೆತ್ತಿರುತ್ತಾರೆ. ಕತೆಯಲ್ಲಿ ಗೆದ್ದದ್ದು ಆಮೆಯಾದರೂ ಇಲ್ಲಿ ಕೆಲಸ ಮುಗಿಯುವ ತನಕ ಮೊಲದ ಕಡೆಯೇ ಇರಬೇಕು. ಇಂಪೆಲ್ಲರ್ ಪೂರ್ತಿ ವೇಗದಲ್ಲಿ ತಿರುಗದಿದ್ದರೆ ಹಿಮ ಸೊಂಡಿಲಲ್ಲೇ ಗಟ್ಟಿಯಾಗುತ್ತದೆ. ಚೋಕ್ ಪೂರ್ತಿ ಎಳೆದು, ಪ್ರೈಮರಿನ ರಬ್ಬರ್ ಗುಂಡಿಯನ್ನು ಎರಡು ಮೂರು ಸಲ ಒತ್ತಿ, ಹಗ್ಗ ಎಳೆಯುವುದು. ಹೊತ್ತಿಕೊಂಡ ಮೇಲೆ ಚೋಕನ್ನು ಸ್ವಲ್ಪ ಸ್ವಲ್ಪವೇ ಬಿಡುವುದು. ಗೋಡೆಯ ಪ್ಲಗ್ಗಿಗೆ ವೈರ್ ಸಿಕ್ಕಿಸಿ ಗುಂಡಿ ಒತ್ತಿ ಶುರು ಮಾಡುವ ಸೌಕರ್ಯವೂ ಹಲವು ಯಂತ್ರಗಳಲ್ಲಿದೆ, ನಮ್ಮದರಲ್ಲೂ ಇದೆ. ಹಗ್ಗ ಎಳೆದು ಶುರುವಾದ ದಿನದ ಗತ್ತು ಅದರಲ್ಲಿಲ್ಲ.

ಹಿಡಿಯ ಮೇಲೆ ಎರಡು ಲಿವರ್. ಒಂದನ್ನು ಅದುಮಿದರೆ ಚಕ್ರ, ಇನ್ನೊಂದನ್ನು ಅದುಮಿದರೆ ಆಗರ್. ಕೈ ಬಿಟ್ಟರೆ ಎರಡೂ ನಿಲ್ಲುತ್ತವೆ. ಜಾರಿ ಬಿದ್ದರೆ ಯಂತ್ರ ತಾನಾಗಿ ನಿಲ್ಲಲಿ ಎಂಬುದಕ್ಕೇ ಹೀಗೆ ಮಾಡಿರುವಾಗ, ಕೈ ನೋಯುತ್ತದೆಂದು ಲಿವರಿಗೆ ಹಗ್ಗ ಕಟ್ಟುವ ಬುದ್ಧಿವಂತರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಡ್ರೈವ್‌ವೇಯ ನಡುವಿನಿಂದ ಶುರು ಮಾಡಿ, ಒಂದು ಸಲ ಎಡಕ್ಕೆ ಎಸೆಯುತ್ತ ಹೋಗಿ, ಬರುವಾಗ ಸೊಂಡಿಲು ತಿರುಗಿಸಿ ಬಲಕ್ಕೆ ಎಸೆಯುತ್ತ ಬಂದರೆ ಎಸೆದದ್ದನ್ನೇ ಮತ್ತೆ ಎಸೆಯುವ ಕೂಲಿ ತಪ್ಪುತ್ತದೆ. ಗಾಳಿಗೆದುರಾಗಿ ಎಸೆದರೆ ಮುಖಕ್ಕೆ ಬರುತ್ತದೆ. ಒಮ್ಮೆ ಕನ್ನಡಕ ಒರೆಸಿಕೊಂಡವರಿಗೆ ಈ ಪಾಠ ಮರೆಯುವುದಿಲ್ಲ. ಹುಲ್ಲು ಎಲ್ಲಿ, ಡಾಂಬರು ಎಲ್ಲಿ ಎಂದು ಬಿಳುಪಿನಲ್ಲಿ ಗೊತ್ತಾಗದು. ನೆಲ ಹೆಪ್ಪುಗಟ್ಟುವ ಮುನ್ನವೇ ಅಂಚಿನುದ್ದಕ್ಕೂ ಕಿತ್ತಳೆ ಬಣ್ಣದ ಕಡ್ಡಿ ನೆಟ್ಟುಕೊಂಡಿರುತ್ತೇವೆ, ಗದ್ದೆಯ ಬದುವಿಗೆ ಗೂಟ ಹೊಡೆದ ಹಾಗೆ.

ಕೆಲಸ ನಿಜಕ್ಕೂ ಇರುವುದು ಡ್ರೈವ್‌ವೇಯ ತುದಿಯಲ್ಲಿ. ಊರಾಡಳಿತದ ದೊಡ್ಡ ನೇಗಿಲ ಲಾರಿ ರಸ್ತೆಯ ಹಿಮವನ್ನೆಲ್ಲ ಪಕ್ಕಕ್ಕೆ ತಳ್ಳುತ್ತ ಹೋಗುವಾಗ ಪ್ರತಿ ಮನೆಯ ಬಾಯಿಗೆ ಅಡ್ಡವಾಗಿ ಒಂದು ಒಡ್ಡು ಕಟ್ಟಿ ಹೋಗುತ್ತದೆ. ಅದು ಹಿಮವಲ್ಲ, ಹಿಮ, ಉಪ್ಪು, ಕೆಸರು, ಮಂಜುಗಡ್ಡೆ ಎಲ್ಲ ಕಲೆಸಿ ಕುಟ್ಟಿದ ಗಾರೆ. ಒಂದು ಗಂಟೆ ಬಿಟ್ಟರೆ ಕಲ್ಲಾಗುತ್ತದೆ. ಅಲ್ಲಿ ಬಾಯಗಲ ಪೂರ್ತಿ ತುಂಬದೆ ಅರ್ಧ ಅಗಲವನ್ನಷ್ಟೇ ಕೊಟ್ಟು, ಮೊದಲ ಗೇರಿನಲ್ಲಿ, ಯಂತ್ರ ಜಗಿಯುವಷ್ಟೇ ಮುಂದೆ ಹೋಗಬೇಕು. ಎದುರುಮನೆಯ ಮುದುಕರು ಹೇಳಿಕೊಟ್ಟ ಉಪಾಯವೊಂದಿದೆ. ರಸ್ತೆಗೆ ಮುಖ ಮಾಡಿ ನಿಂತು, ಡ್ರೈವ್‌ವೇಯ ಎಡಪಕ್ಕದ ರಸ್ತೆಯಂಚಿನಲ್ಲಿ ಒಂದು ಕಾರು ನಿಲ್ಲುವಷ್ಟು ಜಾಗ ಮೊದಲೇ ತೆರವು ಮಾಡಿಡಿ. ಇಲ್ಲಿ ವಾಹನ ಬಲಬದಿಯಲ್ಲಿ ಓಡುವುದರಿಂದ ನೇಗಿಲ ಲಾರಿ ನಿಮ್ಮ ಎಡದಿಂದ ಬರುತ್ತದೆ. ಹೊತ್ತು ತಂದ ಹೊರೆಯನ್ನು ಆ ಗುಂಡಿಯಲ್ಲಿ ಇಳಿಸಿ ನಿಮ್ಮ ಬಾಯಿಗೆ ಕಡಿಮೆ ಹಾಕುತ್ತದೆ. ನಂಬಿಕೆಯಿಲ್ಲದೆ ಮಾಡಿ ನೋಡಿದೆ, ಒಡ್ಡು ಮೊಣಕಾಲಿನಿಂದ ಕಣಕಾಲಿಗೆ ಇಳಿಯಿತು. ಬಾಚಿದ ಹಿಮವನ್ನು ರಸ್ತೆಗೇ ಎಸೆದು ಕೈತೊಳೆದುಕೊಳ್ಳುವ ಹಾಗಿಲ್ಲ, ಅದು ಕಾನೂನಿಗೆ ವಿರುದ್ಧ.

ಹಿಮದಡಿ ಏನಿದೆಯೋ ಯಾರಿಗೆ ಗೊತ್ತು. ಕಾಲೊರಸು, ನಾಯಿಯ ಸರಪಳಿ, ಕ್ರಿಸ್‌ಮಸ್ ದೀಪದ ವೈರು. ಎಲ್ಲಕ್ಕಿಂತ ಕೆಟ್ಟದ್ದು ಬೆಳಗಿನ ಜಾವ ಎಸೆದು ಹೋದ ಭಾನುವಾರದ ಪತ್ರಿಕೆ, ಪ್ಲಾಸ್ಟಿಕ್ ಚೀಲದೊಳಗೆ ನೆನೆದು ಹೆಪ್ಪುಗಟ್ಟಿ ಸೌದೆಯ ಕೊರಡಿನಂತಾದದ್ದು. ಹಾಗೊಂದು ಸಲ ಆಗರಿಗೆ ಸಿಕ್ಕಿತು. ಟಕ್ ಎಂಬ ಸದ್ದು, ಆಮೇಲೆ ಎಂಜಿನ್ ಹಾಯಾಗಿ ಓಡುತ್ತಲೇ ಇದೆ, ಆಗರಿನ ಒಂದು ಭಾಗ ಮಾತ್ರ ಅಲ್ಲಾಡುತ್ತಿಲ್ಲ. ಯಂತ್ರ ಕೆಟ್ಟಿತೆಂದು ಎದೆ ಒಡೆದುಕೊಂಡೆ. ಕೆಟ್ಟದ್ದು ಕೆಲವೇ ಡಾಲರಿನ ಶಿಯರ್ ಪಿನ್. ಆಗರನ್ನು ಅದರ ದಂಡಕ್ಕೆ ಹಿಡಿದಿಡುವ ಈ ಮೊಳೆಯನ್ನು ಬೇಕೆಂದೇ ಮೆದು ಲೋಹದಲ್ಲಿ ಮಾಡಿರುತ್ತಾರೆ. ಕಲ್ಲು ಸಿಕ್ಕಿದರೆ ಮೊದಲು ತಾನು ತುಂಡಾಗಿ, ಹಿಂದಿನ ಗೇರ್‌ಬಾಕ್ಸನ್ನು ಉಳಿಸುತ್ತದೆ, ಮನೆಯ ಫ್ಯೂಸಿನ ಹಾಗೆ. ಫ್ಯೂಸ್ ಹೋದಲ್ಲಿ ದಪ್ಪ ತಂತಿ ಸುತ್ತುವ ನಮ್ಮ ಹಳೇ ಚಾಳಿಯನ್ನು ಇಲ್ಲಿ ತೋರಿಸಿ ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ತುಂಡಾಗುವುದು ಗೇರು. ಇನ್ನೊಂದು ಸೂಕ್ಷ್ಮ ಹಲವರಿಗೆ ತಿಳಿದಿಲ್ಲ. ಗ್ರೀಸ್ ಕಾಣದೆ ಆಗರ್ ತನ್ನ ದಂಡಕ್ಕೇ ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಪಿನ್ ತುಂಡಾಗಿಯೂ ಪ್ರಯೋಜನವಿಲ್ಲ, ಏಟು ನೇರ ಗೇರಿಗೇ ಹೋಗುತ್ತದೆ. ಅದಕ್ಕೇ ಆಯುಧಪೂಜೆಯ ದಿನ ನಾನು ಸ್ಪಾರ್ಕ್ ಪ್ಲಗ್ಗಿನ ವೈರ್ ಕಳಚಿಟ್ಟು, ಪಿನ್‌ಗಳನ್ನು ತೆಗೆದು, ದಂಡಕ್ಕೆ ಗ್ರೀಸ್ ತುಂಬಿ, ಆಗರನ್ನು ಕೈಯಿಂದ ತಿರುಗಿಸಿ ಅದು ದಂಡದ ಮೇಲೆ ಸಲೀಸಾಗಿ ಸುತ್ತುತ್ತದೆಯೇ ಎಂದು ನೋಡಿಯೇ ಕುಂಕುಮ ಇಡುವುದು. ನಾಲ್ಕು ಪಿನ್ ಯಾವಾಗಲೂ ಜಾಕೆಟ್ಟಿನ ಜೇಬಿನಲ್ಲಿರುತ್ತವೆ.

ಕೈಯಿಂದ ತಿರುಗಿಸುವುದು ಎಂದೆ. ಅದು ಎಂಜಿನ್ ತಣ್ಣಗಿರುವ, ಪ್ಲಗ್ಗಿನ ವೈರ್ ಕಳಚಿರುವ ಅಕ್ಟೋಬರಿನ ಮಾತು. ಮಾರ್ಚಿನಲ್ಲಿ ಕೈ ಒಳಗೆ ಹೋಗಬಾರದು. ಒದ್ದೆ ಹಿಮ ಸೊಂಡಿಲಲ್ಲಿ ಅಕ್ಕಿಹಿಟ್ಟಿನ ಮುದ್ದೆಯಂತೆ ಕಟ್ಟಿಕೊಳ್ಳುತ್ತದೆ, ಎಸೆತ ನಿಲ್ಲುತ್ತದೆ. ಆಫೀಸಿಗೆ ಹೊತ್ತಾಗಿದೆ, ಒಂದು ಬೆರಳು ಹಾಕಿ ಕಿತ್ತರೆ ಮುಗಿಯಿತು ಅನ್ನಿಸುತ್ತದೆ. ಇಲ್ಲಿನ ಹಸ್ತ ಶಸ್ತ್ರಚಿಕಿತ್ಸಕರಿಗೆ ಒದ್ದೆ ಹಿಮ ಬಿದ್ದ ದಿನವೆಂದರೆ ಏನೆಂದು ಗೊತ್ತು. ಹೆಚ್ಚಾಗಿ ಹೋಗುವುದು ದುಡಿಯುವ ಕೈಯ ಬೆರಳು. ಎಂಜಿನ್ ನಿಲ್ಲಿಸಿದ್ದೇನಲ್ಲ ಎಂಬ ಧೈರ್ಯವೂ ಸಾಲದು. ಹಿಮದ ಮುದ್ದೆಗೆ ಸಿಕ್ಕಿ ಬಿಗಿದುಕೊಂಡ ಬ್ಲೇಡು, ಮುದ್ದೆ ಸಡಿಲಾದ ಕ್ಷಣ ಚಟಕ್ಕನೆ ಕಾಲು ಸುತ್ತು ತಿರುಗಬಹುದು. ಇಂಪೆಲ್ಲರಿಗೆ ಅಷ್ಟೇ ಸಾಕು. ಎಂಜಿನ್ ಆರಿಸಿ, ಕೀಲಿ ತೆಗೆದು, ಎಲ್ಲ ನಿಂತ ಮೇಲೆ, ಯಂತ್ರದ ಮೇಲೆಯೇ ಸಿಕ್ಕಿಸಿಟ್ಟಿರುವ ಪ್ಲಾಸ್ಟಿಕ್ ಕೋಲಿನಿಂದ ಚುಚ್ಚಿ ತೆಗೆಯಬೇಕು. ಕೋಲು ಕಳೆದಿದ್ದರೆ ಪೊರಕೆ ಹಿಡಿಯೂ ಆದೀತು. ಹೊರಡುವ ಮುನ್ನ ಸೊಂಡಿಲಿನ ಒಳಗೋಡೆಗೆ ಸಿಲಿಕೋನ್ ಸ್ಪ್ರೇ ಹೊಡೆದರೆ, ದೋಸೆಕಲ್ಲಿಗೆ ಎಣ್ಣೆ ಸವರಿದ ಹಾಗೆ, ಸ್ವಲ್ಪ ಹೊತ್ತು ಅಂಟುವುದಿಲ್ಲ.

2022ರ ನವೆಂಬರಿನಲ್ಲಿ ನಮ್ಮೂರಿಗೆ ಕೆಲವೇ ದಿನದಲ್ಲಿ ಸುಮಾರು 80 ಇಂಚು ಸುರಿಯಿತು. ಊರಿನ ಸ್ಟೇಡಿಯಮ್ಮಿನಲ್ಲಿ ಆಗಬೇಕಿದ್ದ ಬಫಲೊ ಬಿಲ್ಸ್ ತಂಡದ ಫುಟ್‌ಬಾಲ್ ಪಂದ್ಯವನ್ನು ಡೆಟ್ರಾಯಿಟಿಗೆ ಒಯ್ದರು. ಯಂತ್ರದ ಬಾಯಿಯ ಎತ್ತರ ಎರಡಡಿಯ ಒಳಗೆ. ಅದಕ್ಕಿಂತ ಎತ್ತರದ ಹಿಮಕ್ಕೆ ನುಗ್ಗಿಸಿದರೆ ಕೆಳಗೆ ಸುರಂಗ ಕೊರೆದು ಮೇಲಿನದೆಲ್ಲ ಎಂಜಿನ್ನಿನ ಮೇಲೆ ಕುಸಿಯುತ್ತದೆ. ಆರೇಳು ಇಂಚು ಬಿದ್ದಾಗಲೆಲ್ಲ ಹೊರಗೆ ಹೋಗಿ ಒಂದು ಸುತ್ತು ಹೊಡೆದು ಬರುವುದೊಂದೇ ದಾರಿ. ನಾನು ಮೊದಲ ರಾತ್ರಿ ಎರಡು ಸಲ ಎದ್ದೆ, ಮೂರನೇ ಸಲ ಏಳಲಿಲ್ಲ. ಬೆಳಿಗ್ಗೆ ಗ್ಯಾರೇಜಿನ ಬಾಗಿಲು ಮೇಲೆದ್ದಾಗ ಎದೆಮಟ್ಟದ ಬಿಳಿ ಗೋಡೆ, ಅದರ ಮೇಲೆ ಬಾಗಿಲಿನ ಹಲಗೆಗಳ ಅಚ್ಚು ಸಾಲುಸಾಲಾಗಿ ಮೂಡಿತ್ತು. ಸಲಿಕೆಯಿಂದ ಮೇಲಿನದನ್ನು ಕೆಡವಿ ಕೆಡವಿ ಯಂತ್ರದ ಬಾಯಿಗೆ ಕೊಡುತ್ತ ರಸ್ತೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಮುಟ್ಟಿ ನೋಡಿದರೆ ರಸ್ತೆಯೇ ಇರಲಿಲ್ಲ.

ಪ್ರತಿ ಸಲ ಕೆಲಸ ಮುಗಿದ ಮೇಲೆ ಒಂದು ನಿಮಿಷ ಖಾಲಿ ಬಾಯಲ್ಲೇ ಆಗರ್ ತಿರುಗಿಸಿ, ಸೊಂಡಿಲನ್ನು ಈ ಕಡೆ ಆ ಕಡೆ ಆಡಿಸಿ ನಿಲ್ಲಿಸುತ್ತೇನೆ. ಇಲ್ಲವಾದರೆ ಒಳಗುಳಿದ ಹಿಮ ರಾತ್ರಿ ಕರಗಿ, ಬೆಳಗಿನೊಳಗೆ ಗಡ್ಡೆಯಾಗಿ ಎಲ್ಲವನ್ನೂ ಕಚ್ಚಿಕೊಂಡಿರುತ್ತದೆ. ಬ್ಯಾಟರಿಯ ಸ್ನೋಬ್ಲೋವರ್ ಕೊಂಡ ಪಕ್ಕದ ಮನೆಯ ಹುಡುಗನಿಗೆ ಪೆಟ್ರೋಲಿನ ತಂಟೆ ಇಲ್ಲ. ತೆಳು ಹಿಮಕ್ಕೆ ಅದೇ ಚೆಂದ, ಸದ್ದೂ ಕಡಿಮೆ. ತುದಿಯ ಒಡ್ಡಿನ ಹತ್ತಿರ ಮಾತ್ರ ಚಾರ್ಜು ಮುಗಿದು ನಮ್ಮ ಕಡೆ ನೋಡುತ್ತಾನೆ.

ಏಪ್ರಿಲ್ ಮೂರನೇ ವಾರ ದಾಟಿ, ಇನ್ನು ಬೀಳಲಾರದು ಎಂದು ಖಾತ್ರಿಯಾದ ಶನಿವಾರ ಯಂತ್ರವನ್ನು ಬಿಸಿಲಿಗೆ ತರುತ್ತೇನೆ. ಇಂಧನ ಕೆಡದಂತೆ ಸ್ಟೆಬಿಲೈಸರ್ ಬೆರೆಸಿ ಟ್ಯಾಂಕ್ ತುಂಬಿಟ್ಟರೂ ಸಾಕು ಎನ್ನುವವರಿದ್ದಾರೆ. ಆ ಹಲಸಿನ ಮೇಣ ನೋಡಿದ ಮೇಲೆ ನನಗೆ ಧೈರ್ಯ ಸಾಲದು. ಟ್ಯಾಂಕಿನಲ್ಲಿದ್ದದ್ದನ್ನು ಕ್ಯಾನಿಗೆ ಬಸಿದು, ಉಳಿದದ್ದು ತೀರುವ ತನಕ ಎಂಜಿನ್ ಓಡಿಸುತ್ತೇನೆ. ಐದಾರು ನಿಮಿಷಕ್ಕೆ ಸದ್ದು ಏರಿಳಿಯಲು ಶುರುವಾಗುತ್ತದೆ, ಆಗ ಚೋಕ್ ಎಳೆದರೆ ಇನ್ನೊಂದರ್ಧ ನಿಮಿಷ ಎಳೆದುಕೊಂಡು ಓಡಿ, ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಬಟ್ಟಲಿನ ತಳದ ಬೋಲ್ಟ್ ಸಡಿಲಿಸಿದರೆ ಕೊನೆಯ ನಾಲ್ಕು ಹನಿ ಬಟ್ಟೆಗೆ ಬೀಳುತ್ತವೆ. ಕ್ಯಾನಿನಲ್ಲಿರುವುದು ಹಿಂದಿನ ತಿಂಗಳು ತಂದ ಪೆಟ್ರೋಲ್, ಆಯಿಲ್ ಬೆರೆಸಿದ್ದಲ್ಲ. ಅದನ್ನು ಕಾರಿಗೆ ಸುರಿಯುತ್ತೇನೆ.